ಕಣ್ಣು ತಪ್ಪಿಸುವುದು ಬೇರೆ, ತಲೆಮರೆಸಿಕೊಳ್ಳುವುದು ಬೇರೆ: ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಅಪರಾಧದ ಲೆಕ್ಕ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ತಂಗಿಯ ಮನೆಗೆ ಒಂದು ಭಾನುವಾರ ಮಧ್ಯಾಹ್ನ ಹೋಗಿದ್ದೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಅವಳ ಮಗ ಕಂಪ್ಯೂಟರ್ ಮುಂದೆ ಕೂತು ಗ್ರ್ಯಾಂಡ್ ಥೆಫ್ಟ್ ಆಟೋ 5 ಆಡುತ್ತಿದ್ದ. ಕದ್ದ ಕಾರನ್ನು ಒಂದು ಸೇತುವೆಯ ಕೆಳಗಿನ ಕತ್ತಲಲ್ಲಿ ನಿಲ್ಲಿಸಿಕೊಂಡು, ಕೀಬೋರ್ಡಿನಿಂದ ಕೈ ತೆಗೆದು ಸುಮ್ಮನೆ ಪರದೆಯನ್ನೇ ನೋಡುತ್ತಿದ್ದ. ಪರದೆಯ ಮೇಲ್ತುದಿಯಲ್ಲಿ, ಪೊಲೀಸರು ಎಷ್ಟು ಬಿರುಸಾಗಿ ಬೆನ್ನು ಹತ್ತಿದ್ದಾರೆಂದು ತೋರಿಸುವ ಮೂರು ಸ್ಟಾರ್‌ಗಳು ಮಿನುಗುತ್ತಿದ್ದವು. ಕೆಳಮೂಲೆಯ ಪುಟ್ಟ ನಕ್ಷೆಯಲ್ಲಿ ಪೊಲೀಸರ ಗುರುತುಗಳು ಅತ್ತಿತ್ತ ಓಡಾಡುತ್ತಿದ್ದವು, ಪ್ರತಿಯೊಂದರ ಮುಂದೆಯೂ ಬೀಸಣಿಗೆಯಂತೆ ಹರಡಿಕೊಂಡ ನೋಟದ ಗೆರೆ ಕಾಣುತ್ತಿತ್ತು. ನಾನು ಏನೋ ಕೇಳಲು ಹೋದರೆ, "ಮಾಮ, ಸ್ವಲ್ಪ ತಡೀರಿ, ಸ್ಟಾರ್ ಹೋಗ್ಲಿ" ಎಂದ. ಸ್ವಲ್ಪ ಹೊತ್ತಿಗೆ ಸ್ಟಾರ್‌ಗಳು ಅಳಿಸಿಹೋದವು. ಅವನು ಕಾರು ಹೊರತೆಗೆದು, ಐದು ನಿಮಿಷದ ಹಿಂದೆ ಇಬ್ಬರು ಪಾದಚಾರಿಗಳಿಗೆ ಗುದ್ದಿ ಬಂದಿದ್ದ ಅದೇ ರಸ್ತೆಯಲ್ಲಿ ನಿರಾಳವಾಗಿ ವಾಪಸ್ಸು ಹೋದ. ಯಾರೂ ತಿರುಗಿ ನೋಡಲಿಲ್ಲ. ಅವನನ್ನು ಕಂಡಿದ್ದ ಜನರೆಲ್ಲ ಎಲ್ಲಿ ಎಂದು ಕೇಳಿದೆ. "ಅವರು ಈಗ ಇಲ್ಲ ಮಾಮ, ಬೇರೆ ಜನ ಬಂದಿರ್ತಾರೆ" ಎಂದ.

ಅವನು ಸಹಜವಾಗಿ ಹೇಳಿದ ಆ ಮಾತಿನಲ್ಲಿ, ಆಟಗಾರ ತನಗೆ ಬೇಕಾದ ಕಡೆ ತಿರುಗಾಡಬಹುದಾದ ಈ ಓಪನ್ ವರ್ಲ್ಡ್ ಗೇಮ್‌ಗಳ ಇಪ್ಪತ್ತೈದು ವರ್ಷಗಳ ದೊಡ್ಡ ಸಮಸ್ಯೆಯೇ ಅಡಗಿದೆ. ಕನ್ನಡದಲ್ಲಿ ನಾವು ಕಣ್ಣು ತಪ್ಪಿಸುವುದು ಎನ್ನುತ್ತೇವೆ, ತಲೆಮರೆಸಿಕೊಳ್ಳುವುದು ಎಂದೂ ಎನ್ನುತ್ತೇವೆ, ಮತ್ತು ಇವೆರಡನ್ನು ಎಂದೂ ಬೆರೆಸುವುದಿಲ್ಲ. ಕಣ್ಣು ತಪ್ಪಿಸುವುದು ಒಂದು ಗಳಿಗೆಯ ಕೆಲಸ: ಎದುರಿಗಿರುವವನ ನೋಟಕ್ಕೆ ಬೀಳದೆ ದಾಟಿಬಿಟ್ಟರೆ ಮುಗಿಯಿತು. ತಲೆಮರೆಸಿಕೊಂಡವನದು ಹಾಗಲ್ಲ. ಅವನ ಹೆಸರು ಠಾಣೆಯಲ್ಲಿದೆ, ಅವನನ್ನು ಗುರುತಿಸಬಲ್ಲವರು ಊರಿನಲ್ಲಿದ್ದಾರೆ, ಅವನು ಮನೆಗೆ ಹೋಗುವಂತಿಲ್ಲ, ತಿಂಗಳು ಕಳೆದರೂ ಬಸ್ ನಿಲ್ದಾಣದಲ್ಲಿ ತಲೆ ಎತ್ತಿ ನಿಲ್ಲುವಂತಿಲ್ಲ. ಹೆಚ್ಚಿನ ಗೇಮ್‌ಗಳು ವಾಂಟೆಡ್ ಲೆವೆಲ್ (ಪೊಲೀಸರಿಗೆ ಎಷ್ಟು ಬೇಕಾದವನು ಎಂಬ ಮಟ್ಟ) ಎಂದು ಸ್ಟಾರ್‌ಗಳಲ್ಲಿ ಅಳೆಯುವುದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಕಟ್ಟಲು ಯತ್ನಿಸಿದವು ಕೆಲವೇ ಕೆಲವು, ನನ್ನ ದೃಷ್ಟಿಯಲ್ಲಿ ನಿಜವಾಗಿ ಬೆಳೆದಿರುವುದೂ ಅವೇ.

ಈ ಚರ್ಚೆಗೆ ಈಗ ಕಾಲ ಕೂಡಿಬಂದಿದೆ. ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಆರನೆಯ ಗೇಮ್ ಮೊದಲು 2025ಕ್ಕೆ ಎಂದಾಗಿ, ಆಮೇಲೆ 2026ರ ಮೇ 26ಕ್ಕೆ ಹೋಗಿ, ಅಲ್ಲಿಂದಲೂ ಮುಂದೂಡಿ 2026ರ ನವೆಂಬರ್ 19ಕ್ಕೆ ನಿಗದಿಯಾಗಿದೆ ಎಂದು ತಯಾರಕರಾದ ರಾಕ್‌ಸ್ಟಾರ್ ಪ್ರಕಟಿಸಿದ್ದಾರೆ. ಅದರ ಮೊದಲ ಟ್ರೇಲರ್ 2023ರ ಡಿಸೆಂಬರಿನಲ್ಲಿ ಬಂದಾಗ ನಾಯಕಿ ಲೂಸಿಯಾ ನಮಗೆ ಕಂಡದ್ದೇ ಜೈಲಿನ ಉಡುಪಿನಲ್ಲಿ. ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದ ಹೆಣ್ಣೊಬ್ಬಳನ್ನು ನಾಯಕಿಯಾಗಿಸಿದ ಗೇಮ್, ಸಿಕ್ಕಿಬೀಳುವುದು ಎಂದರೆ ಏನು ಎಂಬುದನ್ನು ಈ ಸಲವಾದರೂ ಗಂಭೀರವಾಗಿ ತೆಗೆದುಕೊಳ್ಳುತ್ತದೆಯೇ ಎಂದು ಕೇಳುವುದು ನ್ಯಾಯ.

ಮೂಲಕ್ಕೆ ಹೋಗೋಣ. 1984ರಲ್ಲಿ ಬ್ರಿಟನ್ನಿನಲ್ಲಿ ಬಂದ ಎಲೀಟ್ ಎಂಬ ಬಾಹ್ಯಾಕಾಶ ವ್ಯಾಪಾರದ ಗೇಮಿನಲ್ಲಿ ಆಟಗಾರನಿಗೆ ಕಾನೂನಿನ ಕಣ್ಣಿನಲ್ಲಿ ಒಂದು ಸ್ಥಾನಮಾನವಿತ್ತು: ಶುದ್ಧ, ತಪ್ಪಿತಸ್ಥ, ಪರಾರಿ. ನಿಷಿದ್ಧ ಸರಕು ಸಾಗಿಸಿದರೆ ಅಥವಾ ಅಮಾಯಕರ ಹಡಗಿಗೆ ಗುಂಡು ಹೊಡೆದರೆ ಸ್ಥಾನಮಾನ ಇಳಿಯುತ್ತಿತ್ತು, ಪೊಲೀಸ್ ನೌಕೆಗಳು ಬೆನ್ನಟ್ಟುತ್ತಿದ್ದವು. ಆದರೆ ಇಂದಿನ ಆಟಗಾರನ ಮನಸ್ಸಿನಲ್ಲಿ ಕೂತಿರುವ ರೂಪ ಬಂದದ್ದು 2001ರಲ್ಲಿ, ಗ್ರ್ಯಾಂಡ್ ಥೆಫ್ಟ್ ಆಟೋ 3ರ ಆರು ಸ್ಟಾರ್‌ಗಳಿಂದ. ಒಂದು ಸ್ಟಾರಿಗೆ ಬೀಟ್ ಪೊಲೀಸ್, ಮೂರಕ್ಕೆ ಹೆಲಿಕಾಪ್ಟರ್, ಐದಕ್ಕೆ ಕೇಂದ್ರದ ತನಿಖಾ ದಳ, ಆರಕ್ಕೆ ಟ್ಯಾಂಕಿನೊಂದಿಗೆ ಸೈನ್ಯ. ತಪ್ಪಿಸಿಕೊಳ್ಳಲು ದಾರಿಗಳೂ ಅಷ್ಟೇ ಸರಳವಾಗಿದ್ದವು. ಬೀದಿಯಲ್ಲಿ ತೇಲುವ ಲಂಚದ ಗುರುತನ್ನು ಮುಟ್ಟಿದರೆ ಒಂದು ಸ್ಟಾರ್ ಇಳಿಯುತ್ತಿತ್ತು. ಪೇ ಆ್ಯಂಡ್ ಸ್ಪ್ರೇ ಗ್ಯಾರೇಜಿಗೆ ಕಾರು ನುಗ್ಗಿಸಿ ಬಣ್ಣ ಬದಲಿಸಿದರೆ ಎಷ್ಟು ಸ್ಟಾರಿದ್ದರೂ ಪೊಲೀಸರು ಹಿಂದೆ ಸರಿಯುತ್ತಿದ್ದರು. ನೀಲಿ ಕಾರು ಹಸಿರಾಗುವುದನ್ನು ಪೊಲೀಸರು ಹೊರಗೆ ನಿಂತು ನೋಡಿದ್ದರೂ ಅದೇ ಫಲ.

ಇದನ್ನು ವಿನ್ಯಾಸಕರ ಸೋಮಾರಿತನ ಎನ್ನುವುದು ತಪ್ಪು. ಆ ಗೇಮ್ ಓಡಿದ್ದು ಪ್ಲೇಸ್ಟೇಷನ್ 2ರಲ್ಲಿ, ಅದರ ಮುಖ್ಯ ಮೆಮೊರಿ 32 ಎಂಬಿ ಮಾತ್ರ. ಇಡೀ ನಗರ ಅಷ್ಟರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಆಟಗಾರನ ಸುತ್ತ ಒಂದಷ್ಟು ದೂರದೊಳಗೆ ಮಾತ್ರ ಜನ ಮತ್ತು ವಾಹನಗಳನ್ನು ಹುಟ್ಟಿಸಿ, ಅವನು ಮುಂದೆ ಸಾಗಿದಂತೆ ಹಿಂದಿನವರನ್ನು ಅಳಿಸುವ ಉಪಾಯ ಹೂಡಿದರು. ನಿಮ್ಮ ಅಪರಾಧವನ್ನು ಕಂಡ ಹೆಂಗಸು ಎರಡು ಬೀದಿ ದಾಟುವುದರೊಳಗೆ ಇಲ್ಲವಾಗುತ್ತಾಳೆ. ಅವಳಿಗೆ ಹೆಸರಿಲ್ಲ, ಮನೆಯಿಲ್ಲ, ನಾಳೆಯಿಲ್ಲ. ಸಾಕ್ಷಿಗಳನ್ನು ನೆನಪಿಡಲು ಸಾಧ್ಯವಿಲ್ಲದ ಯಂತ್ರದಲ್ಲಿ ಅಪರಾಧವನ್ನು ಒಂದೇ ಅಂಕಿಯಾಗಿ ಪರದೆಯ ಮೂಲೆಯಲ್ಲಿ ಬರೆದಿಡುವುದು ಜಾಣತನದ ಪರಿಹಾರವೇ ಆಗಿತ್ತು. ಬೇಸರವೆಂದರೆ, ಇಕ್ಕಟ್ಟಿಗೆ ಹುಟ್ಟಿದ ಆ ಪರಿಹಾರ ಇಕ್ಕಟ್ಟು ತೀರಿದ ಮೇಲೂ ಪದ್ಧತಿಯಾಗಿ ಉಳಿದುಕೊಂಡಿತು. ಇಂದಿನ ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಮೆಮೊರಿಯಿದೆ, ಅಂದರೆ ಆ ದಿನಗಳ ಐನೂರು ಪಟ್ಟಿಗಿಂತ ಹೆಚ್ಚು.

ನಡುವೆ ಕಣ್ಣು ತಪ್ಪಿಸುವ ಭಾಗ ಮಾತ್ರ ಬಹಳ ಸುಧಾರಿಸಿತು, ಅದನ್ನು ಒಪ್ಪಲೇಬೇಕು. 2008ರ ಗ್ರ್ಯಾಂಡ್ ಥೆಫ್ಟ್ ಆಟೋ 4 ನಕ್ಷೆಯ ಮೇಲೆ ಹುಡುಕಾಟದ ವೃತ್ತವೊಂದನ್ನು ತಂದಿತು. ಸ್ಟಾರ್ ಹೆಚ್ಚಿದಂತೆ ವೃತ್ತ ಹಿಗ್ಗುತ್ತದೆ, ಯಾರ ಕಣ್ಣಿಗೂ ಬೀಳದೆ ಅದರಿಂದ ಹೊರಗೆ ಉಳಿದವನು ಪಾರಾಗುತ್ತಾನೆ. 2013ರ ಐದನೆಯ ಗೇಮ್ ಸ್ಟಾರ್‌ಗಳನ್ನು ಐದಕ್ಕಿಳಿಸಿ, ವೃತ್ತದ ಬದಲು ಪ್ರತಿ ಪೊಲೀಸನ ನೋಟದ ಹರವನ್ನೇ ತೋರಿಸಿತು. ಅಲ್ಲಿ ವೇಗಕ್ಕಿಂತ ತಿರುವು ಮುಖ್ಯ. ಹೆದ್ದಾರಿ ಹಿಡಿದು ಓಡುವವನು ಹೆಲಿಕಾಪ್ಟರಿಗೆ ಸಿಗುತ್ತಾನೆ, ಸುರಂಗ ಹೊಕ್ಕು ಯಾರೂ ನೋಡದಾಗ ವಾಹನ ಬದಲಿಸಿ ತಣ್ಣಗೆ ಕೂರುವವನು ಉಳಿಯುತ್ತಾನೆ. ನನ್ನ ಸೋದರಳಿಯ ಸೇತುವೆಯ ಕೆಳಗೆ ಕೈಕಟ್ಟಿ ಕೂತದ್ದು ಈ ಲೆಕ್ಕದಿಂದ.

ಆ ಕಣ್ಣಿನ ಲೆಕ್ಕವೂ ಕೆಟ್ಟರೆ ಏನಾಗುತ್ತದೆ ಎಂಬುದನ್ನು 2020ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಸೈಬರ್‌ಪಂಕ್ 2077 ಲೋಕಕ್ಕೆಲ್ಲ ತೋರಿಸಿತು. ಅಲ್ಲಿ ನಿರ್ಜನ ಮಾಳಿಗೆಯ ಮೇಲೆ ತಪ್ಪು ಮಾಡಿದರೂ ಪೊಲೀಸರು ಬೆನ್ನ ಹಿಂದೆಯೇ ಪ್ರತ್ಯಕ್ಷವಾಗುತ್ತಿದ್ದರು, ಒಂದಷ್ಟು ದೂರ ಓಡಿದರೆ ಮರೆತುಬಿಡುತ್ತಿದ್ದರು. ಆಟಗಾರರಿಗೆ ಸಿಟ್ಟು ಬಂದದ್ದು ಶಿಕ್ಷೆಯಾಯಿತೆಂದಲ್ಲ, ತಮಗೆ ಅನ್ಯಾಯವಾಯಿತೆಂದು: ಯಾರೂ ನೋಡದ್ದನ್ನು ಇವರು ಹೇಗೆ ತಿಳಿದರು? ಅದನ್ನು ತಯಾರಿಸಿದ ಪೋಲೆಂಡಿನ ಸಂಸ್ಥೆ 2023ರ ಸೆಪ್ಟೆಂಬರಿನ 2.0 ಅಪ್‌ಡೇಟ್‌ನಲ್ಲಿ ಪೊಲೀಸ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿತು. ಆ ಗದ್ದಲದಿಂದ ನನಗೆ ತೋರುವುದಿಷ್ಟು: ಆಟಗಾರ ಶಿಕ್ಷೆಗೆ ಅಂಜುವವನಲ್ಲ, ಆದರೆ ಸುದ್ದಿ ಯಾವ ದಾರಿಯಿಂದ ಠಾಣೆ ಮುಟ್ಟಿತು ಎಂಬುದು ಅವನಿಗೆ ಕಾಣಬೇಕು.

ಆ ದಾರಿಯನ್ನು ಸೂಕ್ಷ್ಮವಾಗಿ ಯೋಚಿಸಿದವರು ಮಾಫಿಯಾ ಸರಣಿಯವರು. 2002ರ ಮೊದಲ ಮಾಫಿಯಾದಲ್ಲಿ ವೇಗಮಿತಿ ಮೀರಿದರೂ ಕೆಂಪು ಸಿಗ್ನಲ್ ಹಾರಿದರೂ ಪೊಲೀಸ್ ನಿಲ್ಲಿಸಿ ದಂಡ ಹಾಕುತ್ತಿದ್ದ. 2010ರ ಎರಡನೆಯದರಲ್ಲಿ ಕಾರಿನ ನಂಬರ್ ಪ್ಲೇಟಿಗೊಂದು ದಾಖಲೆ, ಮನುಷ್ಯನ ವೇಷಕ್ಕೊಂದು ದಾಖಲೆ. ಕಾರು ಗುರುತಾಗಿದ್ದರೆ ಪ್ಲೇಟ್ ಬದಲಿಸಬೇಕು, ಮುಖ ಗುರುತಾಗಿದ್ದರೆ ಬಟ್ಟೆ ಬದಲಿಸಬೇಕು. ಈ ಭೇದ ನನಗೆ ಚೆನ್ನಾಗಿ ಅರ್ಥವಾದದ್ದು ನಮ್ಮ ಊರಿನಲ್ಲೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ದಾವಣಗೆರೆ ಸೇರಿತು, ಕಾಲಕ್ರಮದಲ್ಲಿ ವೃತ್ತಗಳಲ್ಲಿ ಕ್ಯಾಮೆರಾಗಳು ಬಂದವು. ಇದೇ ಸೋದರಳಿಯ ನನ್ನ ಸ್ಕೂಟರ್ ತೆಗೆದುಕೊಂಡು ಹೆಲ್ಮೆಟ್ ಇಲ್ಲದೆ ಪಿ.ಬಿ. ರಸ್ತೆಗೆ ಹೋಗಿ ಬಂದ. ಕೆಲವು ದಿನಗಳ ನಂತರ ದಂಡದ ಸಂದೇಶ ಬಂದದ್ದು ನನ್ನ ಮೊಬೈಲಿಗೆ. ಕ್ಯಾಮೆರಾಕ್ಕೆ ಗೊತ್ತಿದ್ದದ್ದು ಪ್ಲೇಟ್, ಪ್ಲೇಟಿಗೆ ಗೊತ್ತಿದ್ದದ್ದು ನನ್ನ ಹೆಸರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅವನ ಹಳದಿ ಟೀ ಶರ್ಟ್ ಸ್ಪಷ್ಟವಾಗಿ ಕಾಣುತ್ತಿತ್ತು, ನಾನು ಎಂದೂ ಹಾಕದ ಬಣ್ಣ ಅದು. ದಂಡ ಕಟ್ಟಿದವನು ನಾನೇ. ವಾಹನದ ಅಪರಾಧ ಮತ್ತು ಸವಾರನ ಅಪರಾಧ ಎರಡು ಬೇರೆ ಕಡತಗಳು ಎಂಬ ಈ ಸಂಗತಿಯನ್ನು ಹದಿನೈದು ವರ್ಷದ ಹಿಂದೆಯೇ ಒಂದು ಗೇಮ್ ಆಟದ ನಿಯಮವಾಗಿ ಮಾಡಿತ್ತು, ಆಮೇಲೆ ಬಂದ ಬಹುಪಾಲು ಗೇಮ್‌ಗಳು ಅದನ್ನು ಕೈಬಿಟ್ಟವು ಎಂಬುದು ನನಗೆ ನಿಜವಾದ ನಷ್ಟವೆನಿಸುತ್ತದೆ.

ತಲೆಮರೆಸಿಕೊಳ್ಳುವ ಬಗೆಗೆ ಬರೋಣ. ಇದಕ್ಕೆ ಬೇಕಾದದ್ದು ಮನೆಯಿರುವ ಸಾಕ್ಷಿ. 2011ರ ಸ್ಕೈರಿಮ್‌ನಲ್ಲಿ ಅಂಗಡಿಯವನಿಗೆ ಹೆಸರಿದೆ, ಮಲಗುವ ಹಾಸಿಗೆಯಿದೆ, ಅಂಗಡಿ ಮುಚ್ಚುವ ಹೊತ್ತಿದೆ. ಅವನು ಕಂಡದ್ದು ಅವನೊಂದಿಗೆ ಉಳಿಯುತ್ತದೆ. ಅದೇ ಸಂಸ್ಥೆಯ 2006ರ ಆಬ್ಲಿವಿಯನ್‌ನಲ್ಲಿ ಒಂದೂರಿನ ತಪ್ಪು ಇಡೀ ಪ್ರಾಂತಕ್ಕೆ ತಿಳಿದುಬಿಡುತ್ತಿತ್ತು. ಸ್ಕೈರಿಮ್ ನಾಡನ್ನು ಒಂಬತ್ತು ಸೀಮೆಗಳಾಗಿ ಮಾಡಿ, ಪ್ರತಿ ಸೀಮೆಗೂ ಪ್ರತ್ಯೇಕ ಲೆಕ್ಕವಿಟ್ಟಿತು. ಹಲ್ಲೆಗೆ 40 ನಾಣ್ಯ, ಕೊಲೆಗೆ 1000. ಕಾವಲುಗಾರ ತಡೆದಾಗ ದಂಡ ಕಟ್ಟಬಹುದು, ಸೆರೆಮನೆಗೆ ಹೋಗಬಹುದು, ಕತ್ತಿ ಹಿರಿಯಬಹುದು. ಸೆರೆಯಲ್ಲಿ ದಿನ ಕಳೆದರೆ ಕಲಿಯುತ್ತಿದ್ದ ವಿದ್ಯೆಗಳಲ್ಲಿ ಮುಂದುವರಿದದ್ದಷ್ಟು ಅಳಿಯುತ್ತದೆ. ಜೈಲಿಗೆ ಹೋಗಿ ಬಂದವನ ಕೈ ಮೊದಲಿನಂತೆ ಓಡುವುದಿಲ್ಲ ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದ ಇನ್ನೊಂದು ನಿಯಮ ನನಗೆ ಗೊತ್ತಿಲ್ಲ. ಕದ್ದ ಮಾಲನ್ನು ಸಾಮಾನ್ಯ ವ್ಯಾಪಾರಿ ಕೊಳ್ಳುವುದಿಲ್ಲ, ಕಳ್ಳಮಾಲು ಕೊಳ್ಳುವವನನ್ನೇ ಹುಡುಕಿಕೊಂಡು ಹೋಗಬೇಕು.

ಅದರಲ್ಲಿ ಎಲ್ಲರೂ ಬಲ್ಲ ಒಂದು ಬಿರುಕೂ ಇದೆ. ಅಂಗಡಿಯವನ ತಲೆಯ ಮೇಲೆ ಬಕೆಟ್ಟನ್ನು ಬೋರಲು ಹಾಕಿದರೆ ಅವನ ಕಣ್ಣಿಗೆ ಏನೂ ಬೀಳುವುದಿಲ್ಲ, ಅವನು ಅಲ್ಲೇ ನಿಂತಿರುತ್ತಾನೆ, ಅಂಗಡಿ ಪೂರಾ ಬರಿದಾಗುತ್ತದೆ. ಜನ ಇದನ್ನು ನಗೆಪಾಟಲು ಮಾಡಿದರು. ನಾನು ಮಾತ್ರ ಇದನ್ನು ಆ ವ್ಯವಸ್ಥೆಯ ಪ್ರಾಮಾಣಿಕತೆಗೆ ಪುರಾವೆ ಎಂದೇ ಹೇಳುತ್ತೇನೆ. ಅಂಗಡಿಯವನು ನಿಜವಾಗಿ ಕಣ್ಣಿನಿಂದಲೇ ನೋಡುತ್ತಿದ್ದ. ಅವನಲ್ಲಿ ಇಲ್ಲದ್ದು ಅನುಮಾನ ಎಂಬ ಗುಣ: ತಲೆಯ ಮೇಲೆ ಬಕೆಟ್ ಹಾಕಿದವನು ಒಳ್ಳೆಯದಕ್ಕೆ ಹಾಕಿರಲಾರ ಎಂಬ ತಿಳಿವು.

ಮಂಡಿಪೇಟೆಯ ಯಾವುದಾದರೂ ಸಂದಿಯಲ್ಲಿ ನಿಂತ ಬೈಕಿಗೆ ನೀವು ಸ್ಕೂಟರ್ ತಾಗಿಸಿ ಹೊರಟುಹೋಗಿ ನೋಡಿ. ಪೊಲೀಸರಿಗೆ ಏನೂ ತಿಳಿದಿರುವುದಿಲ್ಲ. ಆದರೆ ಮಂಡಕ್ಕಿ ಮಿರ್ಚಿಯ ಅಂಗಡಿಯವರು ನೋಡಿರುತ್ತಾರೆ, ಅವರ ಬಳಿ ಕೂತಿದ್ದವರು ನಿಮ್ಮ ತಂದೆಯ ಜೊತೆ ಓದಿದವರಾಗಿರುತ್ತಾರೆ, ನೀವು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿರುತ್ತದೆ. ದಾವಣಗೆರೆಯಂಥ ಊರಿನಲ್ಲಿ ಅಪರಾಧದ ಸುದ್ದಿ ಚಲಿಸುವ ಕ್ರಮ ಇದು: ಕಂಡವರಿಂದ ಬಲ್ಲವರಿಗೆ, ಬಲ್ಲವರಿಂದ ಮನೆಗೆ, ಬೇಕೆನಿಸಿದರೆ ಮಾತ್ರ ಠಾಣೆಗೆ. ಗೇಮಿನ ನಗರಗಳಲ್ಲಿ ಸುದ್ದಿ ನೇರವಾಗಿ ಠಾಣೆಗೆ ಹಾರುತ್ತದೆ, ಊರಿಗೆ ಏನೂ ತಿಳಿಯುವುದಿಲ್ಲ.

ಈ ಕ್ರಮವನ್ನು ಅರ್ಧ ದಾರಿಯವರೆಗೆ ತಂದದ್ದು 2018ರ ರೆಡ್ ಡೆಡ್ ರಿಡೆಂಪ್ಷನ್ 2. ಅಲ್ಲಿ ದರೋಡೆಯನ್ನು ಕಂಡವನು ಕುದುರೆಯೇರಿ ಪೊಲೀಸರ ಕಡೆಗೆ ಓಡುತ್ತಾನೆ, ಅವನು ಓಡುವುದು ನಿಮಗೆ ಕಾಣುತ್ತದೆ. ಅವನನ್ನು ಅಡ್ಡಗಟ್ಟಿ ಬೆದರಿಸಿ ಬಾಯಿ ಮುಚ್ಚಿಸಬಹುದು. ಕೊಂದರೆ ಆ ಕೊಲೆಗೆ ಮತ್ತೊಬ್ಬ ಸಾಕ್ಷಿ ಹುಟ್ಟಬಹುದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಗುರುತು ಹತ್ತುವುದು ತಡವಾಗುತ್ತದೆ. ಒಮ್ಮೆ ಗುರುತು ಹತ್ತಿ ತಲೆಗೆ ಬೆಲೆ ಕಟ್ಟಿದರೆ, ಪೊಲೀಸರಿಂದ ಪಾರಾದ ಮೇಲೂ ಆ ಬೆಲೆ ಆ ಸೀಮೆಯಲ್ಲಿ ಉಳಿಯುತ್ತದೆ, ಅಂಚೆ ಕಚೇರಿಗೆ ಹೋಗಿ ಕಟ್ಟುವವರೆಗೂ ಆ ಬೆಲೆಯ ಆಸೆಗೆ ಬೆನ್ನು ಹತ್ತುವ ಬೌಂಟಿ ಬೇಟೆಗಾರರು ಕಾಡಿನಲ್ಲಿ ಹುಡುಕಿಕೊಂಡು ಬರುತ್ತಾರೆ. ಕೈ ಮೇಲೆತ್ತಿ ಶರಣಾಗುವ ಅವಕಾಶವೂ ಇದೆ. ದುಡ್ಡು ಕಟ್ಟಿ ಅಪರಾಧ ತೊಳೆದುಕೊಳ್ಳುವುದು ಅಸಹಜ ಎಂದು ಕೆಲವರು ದೂರುತ್ತಾರೆ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿ ಘೋಷಿಸಿದಾಗ ಜನ ವರ್ಷಗಳ ಬಾಕಿಯನ್ನು ಮುಗಿಬಿದ್ದು ಕಟ್ಟಿದ್ದು ನೆನಪಿದ್ದವರಿಗೆ ಅದರಲ್ಲಿ ಅಸಹಜವೇನೂ ತೋರದು. ನನ್ನ ತಕರಾರು ಬೇರೆ: ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿದ ಮರುಗಳಿಗೆ ಕಾನೂನಿನ ಮಟ್ಟಿಗೆ ಎಲ್ಲವೂ ತೀರಿಹೋಗುತ್ತದೆ. ದಂಡ ತೀರಬಹುದು, ಆದರೆ ದೋಚಿಸಿಕೊಂಡವನ ನೆನಪು ತೀರಬಾರದಿತ್ತು.

ಕಾವಲು ಎಂದರೆ ಏನೆಂಬುದನ್ನು ಚಿತ್ರದುರ್ಗದವರಿಗೆ ಯಾರೂ ಕಲಿಸಬೇಕಿಲ್ಲ. ಏಳು ಸುತ್ತಿನ ಕೋಟೆಯ ಕಿಂಡಿಯ ಬಳಿ ನಿಂತರೆ ಓಬವ್ವನ ಕಥೆ ಈಗಲೂ ಕೇಳಸಿಗುತ್ತದೆ. ಕಾವಲಿನವನು ಊಟಕ್ಕೆ ಕೂತಿದ್ದಾನೆ, ಅವನಿಗೆ ನೀರು ತರಲು ಹೋದ ಹೆಂಡತಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಾಣುತ್ತಾಳೆ, ಒನಕೆ ಹಿಡಿದು ನಿಲ್ಲುತ್ತಾಳೆ. ಕಾವಲುಗಾರನಿಗೂ ಹಸಿವಾಗುತ್ತದೆ ಎಂಬುದರಲ್ಲಿ ಶತ್ರುವಿನ ಅವಕಾಶವಿತ್ತು; ಸಮವಸ್ತ್ರವಿಲ್ಲದವರಿಗೂ ಕಣ್ಣಿದೆ ಎಂಬುದರಲ್ಲಿ ಅವನ ಸೋಲಿತ್ತು. 1403ರ ಬೊಹೀಮಿಯಾದಲ್ಲಿ (ಈಗಿನ ಚೆಕ್ ದೇಶದ ಭಾಗ) ನಡೆಯುವ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಸರಣಿಯನ್ನು ಆಡಿದಾಗ ನನಗೆ ಈ ಕಿಂಡಿ ಮತ್ತೆ ಮತ್ತೆ ನೆನಪಾಯಿತು, ಏಕೆಂದರೆ ಅಲ್ಲಿ ಎರಡೂ ಇವೆ. ಜನರಿಗೆ ಊಟದ ಹೊತ್ತು, ನಿದ್ದೆಯ ಹೊತ್ತು ಇದೆ. ರಾತ್ರಿ ಊರಿನಲ್ಲಿ ದೀವಟಿಗೆಯಿಲ್ಲದೆ ನಡೆದರೆ ಅದೇ ತಪ್ಪು, ಕಾವಲುಗಾರ ತಡೆದು ಕೇಳುತ್ತಾನೆ. ಮೈ ತಪಾಸಣೆ ಮಾಡುತ್ತಾನೆ, ಕದ್ದ ವಸ್ತು ಸಿಕ್ಕರೆ ಕಥೆ ಮುಗಿಯಿತು. 2025ರ ಫೆಬ್ರುವರಿಯಲ್ಲಿ ಬಂದ ಎರಡನೆಯ ಭಾಗದಲ್ಲಿ ಸ್ಕೈರಿಮ್‌ಗೆ ಇಲ್ಲದಿದ್ದ ಆ ಅನುಮಾನದ ಗುಣವೂ ಬಂದಿದೆ. ಕದಿಯುವಾಗ ಯಾರೂ ನೋಡದಿದ್ದರೂ, ಆ ಮನೆಯ ಆಸುಪಾಸಿನಲ್ಲಿ ನಿಮ್ಮನ್ನು ಕಂಡವರಿದ್ದರೆ, ಕಳವು ಬೆಳಕಿಗೆ ಬಂದ ಮೇಲೆ ಮಾತು ನಿಮ್ಮತ್ತ ತಿರುಗುತ್ತದೆ. ಸಿಕ್ಕಿಬಿದ್ದರೆ ದಂಡದಿಂದ ಹಿಡಿದು ಊರ ನಡುವೆ ಕಟ್ಟೆಗೆ ಬಿಗಿಯುವುದು, ಛಡಿ ಏಟು, ಮೈಗೆ ಬರೆ ಎಳೆಯುವುದು, ಕೊನೆಗೆ ನೇಣಿನವರೆಗೆ ಶಿಕ್ಷೆಯ ಮೆಟ್ಟಿಲುಗಳಿವೆ. ಬರೆಯಿರುವವನನ್ನು ಜನ ನೋಡುವ ರೀತಿಯೇ ಬೇರೆ. ತಲೆಮರೆಸಿಕೊಳ್ಳುವುದು ಎಂಬ ನಮ್ಮ ಮಾತಿಗೆ ಅತಿ ಹತ್ತಿರ ಬಂದ ಗೇಮ್ ಇದು.

ಇಷ್ಟಾದರೂ ಈಗಿನ ಹೆಚ್ಚಿನ ಗೇಮ್‌ಗಳು ಹಾರಿಬಿಡುವ ಒಂದು ಜಾಗವಿದೆ. ದಸ್ತಗಿರಿಗೂ ಶಿಕ್ಷೆಗೂ ನಡುವೆ ನ್ಯಾಯಾಲಯವೊಂದಿದೆ. ನಮ್ಮ ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅಲ್ಲಿಂದ ಜಾಮೀನು, ವಕಾಲತ್ತು, ಸಾಕ್ಷಿಗಳ ವಿಚಾರಣೆ. ಗೇಮ್‌ಗಳಲ್ಲಿ ಪರದೆ ಒಮ್ಮೆ ಕಪ್ಪಾಗುತ್ತದೆ, ಆಟಗಾರ ಠಾಣೆಯ ಹೊರಗೆ ನಿಂತಿರುತ್ತಾನೆ. ಆಶ್ಚರ್ಯವೆಂದರೆ 1996ರಲ್ಲಿ ಬಂದ ಡ್ಯಾಗರ್‌ಫಾಲ್ ಎಂಬ ಗೇಮಿನಲ್ಲಿ ನ್ಯಾಯಾಲಯವಿತ್ತು. ತಪ್ಪೊಪ್ಪಿಕೊಳ್ಳಬಹುದಿತ್ತು, ಇಲ್ಲವೆಂದು ವಾದಿಸಬಹುದಿತ್ತು, ಸುಳ್ಳನ್ನೂ ಹೇಳಬಹುದಿತ್ತು. ನಿಮ್ಮ ಮಾತಿನ ಚಾತುರ್ಯದ ಮೇಲೆ ತೀರ್ಪು ನಿಲ್ಲುತ್ತಿತ್ತು, ದಂಡ, ಸೆರೆ, ಗಡಿಪಾರು ಮೂರೂ ಸಾಧ್ಯವಿದ್ದವು. ಸ್ಕೈರಿಮ್ ಕಟ್ಟಿದವರದೇ ಗೇಮ್ ಅದು. ಮುಂದಿನ ಗೇಮ್‌ಗಳಲ್ಲಿ ಅವರೇ ಅದನ್ನು ಬಿಟ್ಟುಕೊಟ್ಟರು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗೇಮ್ ವಿನ್ಯಾಸಕರು ಓದಬೇಕಾದ ಒಂದು ಸಾಲಿದೆ. ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ಅವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ. ಮರಳಿಸುವುದು! ಓಪನ್ ವರ್ಲ್ಡ್ ಗೇಮ್‌ಗಳಲ್ಲಿ ಓಡುವುದಕ್ಕೆ, ಅಡಗುವುದಕ್ಕೆ, ಲಂಚ ಕೊಡುವುದಕ್ಕೆ, ಸಾಕ್ಷಿಯನ್ನು ಕೊಲ್ಲುವುದಕ್ಕೆ ಗುಂಡಿಗಳಿವೆ. ಕದ್ದದ್ದನ್ನು ಯಜಮಾನನ ಕೈಗಿಟ್ಟು ತಪ್ಪಾಯಿತು ಎನ್ನುವುದಕ್ಕೆ ಸಾಮಾನ್ಯವಾಗಿ ಒಂದು ಗುಂಡಿಯೂ ಇಲ್ಲ. ಅಂಥದೊಂದು ದಾರಿ ತೆರೆದರೆ ಆಟ ಸಪ್ಪೆಯಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಕದ್ದ ಕುದುರೆಯನ್ನು ಹಗಲಿನಲ್ಲಿ ಅದರ ಒಡೆಯನ ಅಂಗಳಕ್ಕೆ ನಡೆಸಿಕೊಂಡು ಹೋಗುವುದರಲ್ಲಿ ಬೆನ್ನಟ್ಟುವ ಹೆಲಿಕಾಪ್ಟರಿಗಿಂತ ಹೆಚ್ಚಿನ ಎದೆಬಡಿತವಿದೆ.

ಆಡಲು ಬಂದವನಿಗೆ ಇಷ್ಟೆಲ್ಲ ಭಾರ ಹೊರಿಸಿದರೆ ಅವನು ಓಡಿಹೋಗುತ್ತಾನೆ ಎಂಬ ಆಕ್ಷೇಪ ಇದ್ದೇ ಇದೆ, ಅದರಲ್ಲಿ ಹುರುಳೂ ಇದೆ. ದಿನವಿಡೀ ದುಡಿದು ಬಂದವನು ಅರ್ಧ ಗಂಟೆ ಕಾರು ಓಡಿಸಿ ಗಲಾಟೆ ಮಾಡಿ ಮಲಗಬೇಕೆಂದುಕೊಂಡರೆ, ಆ ಗಲಾಟೆಯ ಲೆಕ್ಕ ತಿಂಗಳುಗಟ್ಟಲೆ ಬೆನ್ನು ಹತ್ತುವುದು ಬೇಡ. ಆದರೆ ನೆನಪಿಗೂ ಅಳತೆಯಿದೆ. ಕಿಂಗ್‌ಡಮ್ ಕಮ್‌ನಲ್ಲಿ ಕದ್ದ ವಸ್ತುವಿನ ಮೇಲಿನ ಕಳಂಕ ಕಾಲ ಕಳೆದಂತೆ ಮಾಸುತ್ತದೆ. ಸಣ್ಣ ತಪ್ಪನ್ನು ಬೇಗ, ದೊಡ್ಡದನ್ನು ನಿಧಾನವಾಗಿ ಮರೆಯುವ ಊರೊಂದನ್ನು ಕಟ್ಟುವುದು ಸಾಧ್ಯ. ಶತ್ರುಗಳು ಆಟಗಾರನನ್ನು ನೆನಪಿಟ್ಟುಕೊಂಡು ಮರಳಿ ಬಂದು ಮೂದಲಿಸುವ ವ್ಯವಸ್ಥೆಯನ್ನು 2014ರ ಶ್ಯಾಡೋ ಆಫ್ ಮೊರ್ಡೋರ್ ತಂದಿತ್ತು. ಅದಕ್ಕೆ ವಾರ್ನರ್ ಬ್ರದರ್ಸ್‌ಗೆ 2021ರಲ್ಲಿ ಪೇಟೆಂಟ್ ದೊರೆಯಿತು, ಬೇರೆಯವರು ಆ ದಾರಿ ತುಳಿಯಲು ಹಿಂಜರಿಯುವಂತಾಯಿತು. ನೆನಪಿನಂಥ ಮೂಲಭೂತ ಗುಣಕ್ಕೆ ಬೇಲಿ ಬಿದ್ದದ್ದು ಈ ಕಲೆಗೆ ಆದ ದೊಡ್ಡ ಹಾನಿ ಎಂದು ನಾನು ನಂಬುತ್ತೇನೆ.

ಇಂಥ ಗೇಮ್‌ಗಳು ಹುಡುಗರನ್ನು ಅಪರಾಧಿಗಳನ್ನಾಗಿ ಮಾಡುತ್ತವೆಯೇ ಎಂಬ ಹಳೆಯ ಪ್ರಶ್ನೆಯನ್ನು ನಾನು ಎತ್ತಿಕೊಂಡಿಲ್ಲ. ಈ ಗೇಮ್‌ಗಳು ವಯಸ್ಕರಿಗೆಂದು ಗುರುತಾಗಿಯೇ ಮಾರಾಟವಾಗುತ್ತವೆ, ಹತ್ತು ವರ್ಷದ ಮಗುವಿನ ಕೈಗೆ ಅವನ್ನು ಕೊಡಬಾರದು, ಅಲ್ಲಿಗೆ ಅದು ಮುಗಿಯಿತು. ನನ್ನ ಕಾಳಜಿ ಇಪ್ಪತ್ತು ವರ್ಷದ ನನ್ನ ಸೋದರಳಿಯನಂಥ, ಕೋಡ್ ಬರೆಯಲು ಕಲಿಯುತ್ತಿರುವವರ ಬಗ್ಗೆ. ನಾಳೆ ಇಂಥ ನಗರಗಳನ್ನು ಕಟ್ಟುವವರಲ್ಲಿ ದಾವಣಗೆರೆಯ ಕಾಲೇಜುಗಳಲ್ಲಿ ಓದಿದವರೂ ಇರುತ್ತಾರೆ. ಸಾಕ್ಷಿಯೊಬ್ಬಳನ್ನು ಅಳಿಸುವ ಸಾಲು ಬರೆಯುವಾಗ ಅವರ ಕೈ ಒಂದು ಕ್ಷಣ ತಡೆದು ನಿಲ್ಲಲಿ ಎಂದು ಆಸೆಪಡುತ್ತೇನೆ.

ನವೆಂಬರಿನಲ್ಲಿ ಹೊಸ ಗೇಮ್ ಕೈಗೆ ಬಂದರೆ ಮೊದಲು ಏನು ಮಾಡಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಒಂದು ಸಣ್ಣ ಅಂಗಡಿಗೆ ಹೋಗುವುದು, ಪೊಲೀಸರಿಲ್ಲದ ಹೊತ್ತು ನೋಡಿ ಏನಾದರೂ ಎತ್ತಿಕೊಂಡು ಓಡುವುದು. ಸ್ಟಾರ್ ಬಂದರೆ ಅದು ಹೋಗುವವರೆಗೆ ಎಲ್ಲಾದರೂ ಕೂರುವುದು, ಆಟದೊಳಗೆ ಒಂದು ರಾತ್ರಿ ಮಲಗಿ ಏಳುವುದು. ಬೆಳಗ್ಗೆ ಅದೇ ಬಟ್ಟೆಯಲ್ಲಿ, ಅದೇ ಅಂಗಡಿಗೆ ಹೋಗಿ ಗಲ್ಲೆಯ ಮುಂದೆ ನಿಲ್ಲುವುದು. "ಅವನು ಗುರುತು ಹಿಡಿದ್ರೆ ಏನ್ ಮಾಡೋದು ಮಾಮ?" ಎಂದು ಕೇಳಿದ. ಹಿಡಿದರೆ ದುಡ್ಡು ಕೊಟ್ಟು ನೋಡು, ತಗೊಳ್ಳುತ್ತಾನೋ ಇಲ್ಲವೋ ತಿಳಿಯಲಿ ಎಂದೆ.